ಓದಿ ಹೇಳುತ್ತಾ ಓದಿಸಿದ ಬಗೆ

ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುವ ನಾನು, ಅವರಿಗೆ ಓದಿನ ರುಚಿ ಹತ್ತಿಸಲು ಹೊಸ ಪುಸ್ತಕಗಳ ರಾಶಿಗಿಂತ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿ ಹೇಳುವುದನ್ನು ಹೆಚ್ಚು ನೆಚ್ಚಿಕೊಂಡಿದ್ದೇನೆ. ಮೊದಲ ಸಲ ಮಕ್ಕಳ ಗಮನವೆಲ್ಲ ಮುಂದೇನಾಯಿತು ಎಂಬುದರ ಮೇಲೆಯೇ ಇರುತ್ತದೆ. ಮೂರನೆಯ ಸಲದ ಹೊತ್ತಿಗೆ ಅವರು ಹೊಸ ಪದಗಳ ಅರ್ಥ ಕೇಳುತ್ತಾರೆ, ಮರುಕಳಿಸುವ ಸಾಲನ್ನು ನನಗಿಂತ ಮೊದಲೇ ಹೇಳಿಬಿಡುತ್ತಾರೆ.

ಓದುವಾಗ ನಡುನಡುವೆ ನಿಲ್ಲಿಸಿ, ‘ಇದೇನು?’ ಎನ್ನುವ ಬದಲು ‘ಇಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳುತ್ತೇನೆ. ‘ನಾಯಿ ಓಡ್ತಿದೆ’ ಎಂದು ಮಗು ಹೇಳಿದರೆ, ‘ಹೌದು, ಗುಡುಗಿಗೆ ಹೆದರಿ ಬಾಲ ಮುದುರಿಕೊಂಡು ಓಡುತ್ತಿದೆ’ ಎಂದು ಅದರ ಮಾತನ್ನೇ ಬೆಳೆಸಿ, ಮತ್ತೆ ಅದರ ಬಾಯಲ್ಲಿ ಹೇಳಿಸುತ್ತೇನೆ. ಈ ಕ್ರಮ ನನ್ನದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ಒಂದು ತಿಂಗಳು ಹೀಗೆ ಓದಿಸಿಕೊಂಡ ಪುಟ್ಟ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು.

ಮಕ್ಕಳು ತಾವೇ ಓದಲು ತೊಡಗಿದಾಗ ಮೊದಲು ಎಡವುವುದು ಒತ್ತಕ್ಷರಗಳಲ್ಲಿ. ‘ಬೆಟ್ಟ’ವನ್ನು ‘ಬೆಟ’ ಎಂದ ಮಗುವನ್ನು ಅಲ್ಲೇ ತಡೆದರೆ ಅದು ಪುಸ್ತಕ ಬಿಟ್ಟು ನನ್ನ ಮುಖ ನೋಡತೊಡಗುತ್ತದೆ. ಸಾಲು ಮುಗಿಯುವವರೆಗೆ ಕಾದರೆ, ಅರ್ಥ ಕೂಡಲಿಲ್ಲವೆಂದು ಎಷ್ಟೋ ಮಕ್ಕಳು ತಾವಾಗಿ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತಾರೆ. ಆಗದಿದ್ದರೆ ಆ ಅಕ್ಷರದ ಕೆಳಗೆ ಬೆರಳಿಡುತ್ತೇನೆ, ಅಷ್ಟೇ.

ಶಾಲೆಯಲ್ಲಿ ಓದಿದ ಪುಸ್ತಕವನ್ನೇ ಮನೆಗೆ ಕಳುಹಿಸುತ್ತೇನೆ. ಕಥೆ ಗೊತ್ತಿರುವ ಕಾರಣ ಮಗು ಹೆದರದೆ ಓದಿ ತೋರಿಸುತ್ತದೆ. ಓದು ಬಾರದ ತಂದೆತಾಯಿಯೂ ಚಿತ್ರ ನೋಡುತ್ತಾ ‘ಆಮೇಲೆ?’ ಎನ್ನುತ್ತಾ ಕೇಳಬಹುದು. ಅದರ ಮೇಲೆ ಪ್ರಶ್ನೋತ್ತರ ಬರೆಸುವುದು, ಉಕ್ತಲೇಖನ ಕೊಡುವುದು ಬೇಡವೆಂದು ಪೋಷಕರಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. ಕೆಲವು ಪುಸ್ತಕಗಳು ಹರಿದು ಬರುತ್ತವೆ, ಅಂಟಿಸಿ ಮತ್ತೆ ಕಳುಹಿಸುತ್ತೇನೆ.

ಎಷ್ಟು ಪುಸ್ತಕ ಓದಿದೆ ಎಂದು ಎಣಿಸಿ ಬಹುಮಾನ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆಗ ಮಕ್ಕಳು ತೆಳ್ಳಗಿನ ಪುಸ್ತಕವನ್ನೇ ಹುಡುಕಿ ಹಾಳೆ ಮಗುಚುತ್ತಾರೆ. ಮಗು ಸರಾಗವಾಗಿ ಓದಲು ಕಲಿತ ಮೇಲೂ ಓದಿ ಹೇಳುವುದನ್ನು ನಾನು ನಿಲ್ಲಿಸುವುದಿಲ್ಲ. ಆ ವಯಸ್ಸಿನಲ್ಲಿ ಅದು ಕೇಳಿ ಅರ್ಥಮಾಡಿಕೊಳ್ಳಬಲ್ಲ ಕಥೆ, ತಾನೇ ಓದಬಲ್ಲ ಕಥೆಗಿಂತ ಬಹಳ ದೊಡ್ಡದಾಗಿರುತ್ತದೆ.