ಹುಳುವಿನ ಮಾತ್ರೆಗೆ ಮುಂಚೆ ಸಗಣಿ ಪರೀಕ್ಷೆ

ಡೇರಿಗೆ ಹಾಕುವ ಹಾಲು ಒಂದು ಲೀಟರ್ ಇಳಿದರೆ ಸಾಕು, ಕೋಲಾರದ ಕಡೆ ಮೊದಲು ಸಿಗುವ ಸಲಹೆ ‘ಹುಳುವಿನ ಮಾತ್ರೆ ಹಾಕಿ’. ಆದರೆ ಅದು ಹಾಲು ಹೆಚ್ಚಿಸುವ ಟಾನಿಕ್ ಅಲ್ಲ. ದೊಡ್ಡ ಹಸುವಿಗೆ ಹೊಟ್ಟೆಯ ದುಂಡುಹುಳುವನ್ನು ತಡೆಯುವ ಶಕ್ತಿ ತಕ್ಕಮಟ್ಟಿಗೆ ಬಂದಿರುತ್ತದೆ. ಕೊಟ್ಟಿಗೆಯಲ್ಲೇ ಮೇಯುವ ಸೀಮೆಹಸುವಿಗೆ ಕಾಟ ಇನ್ನೂ ಕಡಿಮೆ. ಮೊದಲು ಮೇವು, ನೀರು, ಕೆಚ್ಚಲು ಬಾವು ನೋಡಿಕೊಳ್ಳಿ.

ಆಮೇಲೆ ಸಗಣಿ. ಹಸು ಹಾಕಿದ ಕೂಡಲೇ, ನೆಲಕ್ಕೆ ತಾಗದ ಭಾಗದಿಂದ ನಿಂಬೆಹಣ್ಣಿನ ಗಾತ್ರದಷ್ಟು ತೆಗೆದು, ಮುಚ್ಚಳದ ಡಬ್ಬಿಯಲ್ಲಿ ಅವತ್ತೇ ಪಶು ಆಸ್ಪತ್ರೆಗೆ ಕೊಡಿ. ಬಿಸಿಲಲ್ಲಿಟ್ಟರೆ ಅದರಲ್ಲಿರುವ ಹುಳುವಿನ ಮೊಟ್ಟೆ ಒಡೆದು ಎಣಿಕೆ ಕೆಡುತ್ತದೆ. ಕೆರೆಯಂಚಿನ ಹುಲ್ಲು ಹಾಕುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಬಂದು ಜಿಲ್ಲೆಯ ಎಷ್ಟೋ ಕೆರೆ ತುಂಬಿವೆ. ನೀರು ನಿಂತಲ್ಲಿ ಬಸವನಹುಳು ಸೇರುತ್ತದೆ, ಅದರ ಮೂಲಕ ಯಕೃತ್ತಿನ ಚಪ್ಪಟೆಹುಳು ಹುಲ್ಲಿಗೆ ಹತ್ತುತ್ತದೆ. ದುಂಡುಹುಳುವಿನ ಮೊಟ್ಟೆಯನ್ನು ದ್ರಾವಣದಲ್ಲಿ ತೇಲಿಸಿ ನೋಡುತ್ತಾರೆ, ಇದರ ಮೊಟ್ಟೆ ಭಾರ, ತೇಲುವುದಿಲ್ಲ. ಹಾಗಾಗಿ ಪರೀಕ್ಷೆಯ ಕ್ರಮವೂ ಬೇರೆ, ಮದ್ದೂ ಬೇರೆ. ದುಂಡುಹುಳುವಿಗೆ ಕೊಡುವ ಫೆನ್‌ಬೆಂಡಜೋಲ್ ಇಲ್ಲಿ ನಡೆಯದು, ಆಕ್ಸಿಕ್ಲೋಜನೈಡ್‌ನಂಥದ್ದು ಬೇಕು. ದವಡೆ ಕೆಳಗೆ ಮೆತ್ತನೆ ಊತ ಕಂಡರಂತೂ ತಡಮಾಡಬೇಡಿ.

ಹುಳು ಇದೆಯೆಂದು ಖಚಿತವಾದ ಮೇಲೆ ತೂಕ. ಕಣ್ಣಂದಾಜು ಬೇಡ. ಮುಂಗಾಲಿನ ಹಿಂದೆ ಎದೆಯ ಸುತ್ತ ದಾರ ಸುತ್ತಿ ಇಂಚಿನಲ್ಲಿ ಅಳೆಯಿರಿ (ದರ್ಜಿಯ ಟೇಪು 60 ಇಂಚಿಗೇ ಮುಗಿಯುತ್ತದೆ). ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ ಹಿಡಿಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದಲೂ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 70, ಉದ್ದ 60 ಇಂಚಾದರೆ ಸುಮಾರು 445 ಕಿಲೋ. ಕಿಲೋಗೆ 5 ಮಿ.ಗ್ರಾಂನಂತೆ ಫೆನ್‌ಬೆಂಡಜೋಲ್ 2.2 ಗ್ರಾಂ ಬೇಕು, 1.5 ಗ್ರಾಂ ಮಾತ್ರೆ 300 ಕಿಲೋ ಹಸುವಿಗಷ್ಟೇ ಸಾಕು. ಅರೆಬರೆ ಹಾಕಿದರೆ ಉಳಿದ ಹುಳು ಮದ್ದಿಗೇ ಜಗ್ಗದಂತಾಗುತ್ತದೆ.

ದ್ರವ ಮದ್ದನ್ನು ಗೊಟ್ಟದಲ್ಲಿ ಕುಡಿಸುವಾಗ ತಲೆ ತೀರಾ ಎತ್ತಬೇಡಿ, ನಾಲಿಗೆ ಹಿಡಿದೆಳೆಯಬೇಡಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ, ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಗಬ್ಬದ ಮೊದಲ ಮೂರು ತಿಂಗಳು ಆಲ್ಬೆಂಡಜೋಲ್ ಬೇಡ. ಎಷ್ಟು ದಿನದ ಹಾಲು ಡೇರಿಗೆ ಹಾಕಬಾರದೆಂದು ಲೇಬಲ್ ಓದಿ, ಡಾಕ್ಟರನ್ನೂ ಕೇಳಿ.

ನಿಜವಾದ ನಷ್ಟ ಕರುವಿನಲ್ಲಿ. ಎಮ್ಮೆಕರುವಿಗಂತೂ ದುಂಡುಹುಳು ತಾಯಿಹಾಲಿನಲ್ಲೇ ಬರುತ್ತದೆ. ಹುಳುವಿನ ಮದ್ದನ್ನು ಹುಟ್ಟಿದ 10–15 ದಿನಕ್ಕೆ ಮೊದಲ ಸಲ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಹಾಕಿಸಿ. ಹೊಟ್ಟೆ ಡೊಳ್ಳಾಗಿ ಪಕ್ಕೆ ಎದ್ದು ಕಾಣುವ ಕರು ಬೆದೆಗೆ ಬರುವುದೂ ತಡ, ಹಾಲು ಕೊಡುವುದೂ ತಡ.