ಬ್ರಷ್ ಓಡುತ್ತಿಲ್ಲ ಅಂದಾಗ ನಾನು ಮೊದಲು ನೋಡುವುದು

ಕೊಡಗಿನ ಗೋಣಿಕೊಪ್ಪದಲ್ಲಿ ಮದುವೆ ಆಲ್ಬಂ ಮಾಡುವ ನಮ್ಮಂಥವರಿಗೆ ಕಕ್ಕಡ ತಿಂಗಳಲ್ಲಿ ಬಿಡುವೇ ಇರುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರಲ್ಲಿ ಶುಭಕಾರ್ಯ ನಡೆಯದು, ಹಾಗಾಗಿ ಕ್ಯಾಮೆರಾ ಚೀಲ ಸೇರಿರುತ್ತದೆ. ಏಪ್ರಿಲ್, ಮೇಯಲ್ಲಿ ತೆಗೆದ ಮದುವೆಗಳೆಲ್ಲ ಆಗ ಕಂಪ್ಯೂಟರಿಗೆ ಬಂದು ಕೂರುತ್ತವೆ. ದಿನಕ್ಕೊಮ್ಮೆಯಾದರೂ ಪಕ್ಕದ ಕುರ್ಚಿಯಿಂದ ಕೆಲಸ ಕಲಿಯುವ ಹುಡುಗನ ದೂರು ಕೇಳುತ್ತದೆ: "ಅಕ್ಕಾ, ಬ್ರಷ್ ಓಡ್ತಿಲ್ಲ. ಫೋಟೋಶಾಪ್ ಕೆಟ್ಟೋಯ್ತಾ?"

ಕೆಟ್ಟಿರುವುದಿಲ್ಲ. ಬ್ರಷ್ ಎಲ್ಲೋ ಓಡುತ್ತಿರುತ್ತದೆ, ನಾವು ಕಣ್ಣಿಟ್ಟ ಜಾಗದಲ್ಲಿ ಓಡುತ್ತಿಲ್ಲ ಅಷ್ಟೆ. ಫೋಟೋಶಾಪಿಗೆ ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರ, ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಇಷ್ಟು ವರ್ಷಗಳಲ್ಲಿ ಅದರ ಮೇಲೆ ಏನೇನೋ ಪೇರಿಸಿದ್ದಾರೆ. ಆದರೂ ನನ್ನ ಟೇಬಲ್ಲಿಗೆ ಬರುವ ಲೇಯರ್ ತಕರಾರುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಗೆ ಬಗೆಹರಿಯುತ್ತವೆ: ಈಗ ಯಾವುದು ಆಯ್ಕೆಯಾಗಿದೆ? ಯಾವ ಲೇಯರ್, ಅದರಲ್ಲಿ ಚಿತ್ರವೋ, ಚಿತ್ರದ ಭಾಗಗಳನ್ನು ಮರೆಮಾಡುವ ಮಾಸ್ಕೋ, ಜೊತೆಗೆ ಎಲ್ಲಾದರೂ ಸೆಲೆಕ್ಷನ್ ಉಳಿದಿದೆಯೋ. ಇವನ್ನು ನೋಡುವ ಮೊದಲು ಸೆಟ್ಟಿಂಗ್ ಕೆದಕುವುದಕ್ಕೆ ನಾನು ಬಿಡುವುದಿಲ್ಲ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುವ ಮಾತಂತೂ ದೂರವೇ ಇರಲಿ.

ಸೆಲೆಕ್ಷನ್ ವಿಷಯ ಬೇಗ ಮುಗಿಯುತ್ತದೆ. ಅದು ನಾವು ಗುರುತು ಹಾಕಿದ ಜಾಗ, ಬ್ರಷ್ ಅದರೊಳಗೆ ಮಾತ್ರ ಓಡುತ್ತದೆ. ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲದ ಹಾಳೆಯ ಯಾವುದೋ ಮೂಲೆಯಲ್ಲಿ ಕಡಲೆಕಾಳಿನಷ್ಟು ಸೆಲೆಕ್ಷನ್ ಉಳಿದಿರುತ್ತದೆ. ನಾವು ವಧುವಿನ ಮುಖಕ್ಕೆ ಜೂಮ್ ಮಾಡಿಕೊಂಡಿದ್ದರೆ ಅದು ಕಾಣುವುದೇ ಇಲ್ಲ. ಫೋಟೋಶಾಪಿನಲ್ಲಿ ಕಂಟ್ರೋಲ್ ಎಚ್ ಒತ್ತಿದ್ದರೆ ಅದರ ಅಂಚಿನ ಗೆರೆಯೂ ಮರೆಯಾಗಿರುತ್ತದೆ. ಅದಕ್ಕೆ ಮೊದಲು ಸೆಲೆಕ್ಷನ್ ಬಿಡಿಸುವ ಕಂಟ್ರೋಲ್ ಡಿ. ಫೋಟೋಶಾಪಿನಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಗಿಂಪ್‌ನಲ್ಲಾದರೆ ಕಂಟ್ರೋಲ್ ಶಿಫ್ಟ್ ಎ. ಏನೂ ಕೆಲಸವಾಗದಿದ್ದಾಗ ಬೆರಳು ತಾನಾಗಿ ಅಲ್ಲಿಗೆ ಹೋಗುವಷ್ಟು ಇದು ರೂಢಿಯಾಗಬೇಕು.

ಮಾಸ್ಕ್ ಹಾಗಲ್ಲ, ಅಲ್ಲಿ ನಿಧಾನ ಬೇಕು. ಲೇಯರ್ ಪಟ್ಟಿಯಲ್ಲಿ ಚಿತ್ರದ ಪುಟ್ಟ ಚೌಕ, ಅದರ ಪಕ್ಕದಲ್ಲಿ ಮಾಸ್ಕಿನ ಪುಟ್ಟ ಚೌಕ ಇರುತ್ತವೆ. ಯಾವುದರ ಸುತ್ತ ಚೌಕಟ್ಟು ಕಾಣುತ್ತದೋ ಬಣ್ಣ ಅದಕ್ಕೇ ಹೋಗುತ್ತದೆ. ಸೀರೆಯ ಕೆಂಪು ಹೆಚ್ಚಿಸಲು ಹೋಗಿ ಬ್ರಷ್ಷಿಗೆ ಕೆಂಪು ತುಂಬಿದ್ದೀರಿ, ಆದರೆ ಸೀರೆಯೇ ಅರ್ಧ ಮಾಯವಾಯಿತು ಅಂದರೆ ನೀವು ಬಳಿದದ್ದು ಮಾಸ್ಕಿನ ಮೇಲೆ. ಮಾಸ್ಕಿಗೆ ಬಣ್ಣ ಗೊತ್ತಿಲ್ಲ. ಬಿಳಿ ಅಂದರೆ ತೋರಿಸು, ಕಪ್ಪು ಅಂದರೆ ಮರೆಮಾಡು, ನಡುವಿನ ಬೂದು ಅಂದರೆ ಅರ್ಧಂಬರ್ಧ. ಕೆಂಪನ್ನೂ ಅದು ಬೂದು ಎಂದೇ ತೆಗೆದುಕೊಳ್ಳುತ್ತದೆ. ಅನುಮಾನ ಬಂದಾಗ ಫೋಟೋಶಾಪಿನಲ್ಲಿ ಆಲ್ಟ್ ಹಿಡಿದು ಮಾಸ್ಕ್ ಚೌಕವನ್ನು ಒತ್ತಿದರೆ ಮಾಸ್ಕ್ ಮಾತ್ರ ಪರದೆ ತುಂಬ ಕಾಣುತ್ತದೆ. ಶಿಫ್ಟ್ ಹಿಡಿದು ಒತ್ತಿದರೆ ಅದರ ಮೇಲೆ ಕೆಂಪು ಕಾಟು ಬಿದ್ದು ಮಾಸ್ಕ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ಗಿಂಪ್ ಇದನ್ನು ಅಂಚಿನ ಬಣ್ಣದಲ್ಲಿ ಹೇಳುತ್ತದೆ: ಮಾಸ್ಕನ್ನೇ ಪರದೆಗೆ ತಂದಿದ್ದರೆ ಹಸಿರು, ನಿಲ್ಲಿಸಿದ್ದರೆ ಕೆಂಪು.

ನಮ್ಮ ಕಡೆಯ ಮದುವೆಗಳಲ್ಲಿ ಮಾಸ್ಕ್ ಕೆಲಸ ಸುಲಭದ್ದಲ್ಲ. ಮುಹೂರ್ತಕ್ಕೆ ವರ ಬಿಳಿ ಕುಪ್ಯ (ಕೊಡವರ ಉದ್ದ ನಿಲುವಂಗಿ) ಹಾಕಿ ನಿಂತಿರುತ್ತಾನೆ, ಹಿಂದೆ ಮಂಜು ಕವಿದ ಬಿಳಿ ಆಕಾಶ. ಪಕ್ಕದಲ್ಲಿ ನೆಂಟರು ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡಿರುತ್ತಾರೆ. ಮನೆಯವರ ಆಸೆ ಹಿನ್ನೆಲೆಯಲ್ಲಿ ಹಸಿರು ತೋಟ ಬರಬೇಕೆಂಬುದು. ಸಾಫ್ಟ್‌ವೇರ್ ತಾನಾಗಿ ಕತ್ತರಿಸಿಕೊಟ್ಟ ಅಂಚಿನಲ್ಲಿ ವರನ ತೋಳು ಮಂಜಿನ ಜೊತೆ ಹೋಗಿರುತ್ತದೆ, ನೆಂಟರ ಕಪ್ಪು ಕುಪ್ಯದ ಸುತ್ತ ಬಿಳಿ ದಾರ ಸುತ್ತಿದ ಹಾಗೆ ಕಾಣುತ್ತದೆ. ಇಂಥ ಅಂಚನ್ನು ತೋಟದ ಚಿತ್ರದ ಮೇಲಿಟ್ಟು ಸರಿಪಡಿಸಲು ಕೂತರೆ ಕಣ್ಣು ಸೋಲುತ್ತದೆ. ಎಲೆಗಳ ಗೋಜಲಿನಲ್ಲಿ ತಪ್ಪು ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಅದಕ್ಕೆ ನಾನು ಕತ್ತರಿಸಿದ ಲೇಯರಿನ ಕೆಳಗೆ ಒಂದೇ ಬಣ್ಣದ ಲೇಯರ್ ತುಂಬುತ್ತೇನೆ. ಕಪ್ಪು ಕುಪ್ಯದವರ ಅಂಚು ನೋಡಲು ಗಾಢ ಹಸಿರು, ಬಿಳಿ ಕುಪ್ಯ ನೋಡಲು ಕಡುನೀಲಿ. ಉಳಿದ ಮಂಜೆಲ್ಲ ಆಗ ಎದ್ದು ಕಾಣುತ್ತದೆ. ಆಮೇಲೆ ಇರೇಸರ್ ಮುಟ್ಟದೆ ಮಾಸ್ಕಿನ ಮೇಲೆಯೇ ಸಣ್ಣ, ಮೆದು ಬ್ರಷ್ ಹಿಡಿದು ಕಪ್ಪು ಬಳಿಯುತ್ತೇನೆ. ಹೆಚ್ಚು ಹೋಯಿತೆನ್ನಿಸಿದರೆ ಬಿಳಿ ಬಳಿದರಾಯಿತು, ಕುಪ್ಯ ಹಿಂದಕ್ಕೆ ಬರುತ್ತದೆ. ಇರೇಸರಿನಲ್ಲಿ ಆ ಅನುಕೂಲ ಇಲ್ಲ. ವರನ ತೋಳನ್ನಂತೂ ಯಾವ ಆಟೋಮ್ಯಾಟಿಕ್ ಸಾಧನವೂ ಸರಿಯಾಗಿ ಹಿಡಿಯದು, ಪೆನ್ ಟೂಲ್ ಹಿಡಿದು ಕೈಯಲ್ಲೇ ಗೆರೆ ಎಳೆಯಬೇಕು. ಕೂದಲಿನ ಅಂಚಿಗೆ ಅಂಟಿದ ಬೆಳಕನ್ನು ತೆಗೆಯಲು ಅದರ ಮೇಲೊಂದು ಖಾಲಿ ಲೇಯರ್ ಕ್ಲಿಪ್ ಮಾಡಿ (ಕೆಳಗಿನ ಲೇಯರಿನ ಆಕಾರದೊಳಗೆ ಮಾತ್ರ ಕಾಣುವಂತೆ ಸಿಕ್ಕಿಸಿ), ಕೆಳಗಿನದರ ಜೊತೆ ಬೆರೆಯುವ ಮೋಡನ್ನು ಡಾರ್ಕನ್‌ಗೆ ಹಾಕಿ, ಕೂದಲಿನ ಬಣ್ಣವನ್ನೇ ತೆಳುವಾಗಿ ಸವರುತ್ತೇನೆ. ಮಂಜನ್ನು ಹಾಗೇ ಬಿಟ್ಟರೆ ಫೋಟೋ ಚೆನ್ನಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಕೇಳುವವರು ಕಡಿಮೆ.

ಆಲ್ಬಂ ಟೆಂಪ್ಲೇಟುಗಳಲ್ಲಿ ತಲೆನೋವು ಈ ಕ್ಲಿಪ್ಪಿಂಗಿನಿಂದಲೇ. ಪುಟದಲ್ಲಿ ಬಿಳಿ ಚೌಕಗಳಿರುತ್ತವೆ, ಅವುಗಳ ಮೇಲೆ ಫೋಟೋ ಇಟ್ಟು ಆಲ್ಟ್ ಕಂಟ್ರೋಲ್ ಜಿ ಒತ್ತಿದರೆ ಫೋಟೋ ಆ ಚೌಕದೊಳಗೆ ಕೂರುತ್ತದೆ. ಲೇಯರ್ ಪಟ್ಟಿಯಲ್ಲಿ ಕೆಳಕ್ಕೆ ಬಾಗಿದ ಪುಟ್ಟ ಬಾಣ ಇದರ ಗುರುತು. ಫೋಟೋ ಇದ್ದಕ್ಕಿದ್ದಂತೆ ಇಡೀ ಪುಟಕ್ಕೆ ಹರಡಿಕೊಂಡರೆ ಯಾರೋ ಲೇಯರನ್ನು ಮೇಲೆ ಕೆಳಗೆ ಎಳೆದು ಆ ಬಾಣ ಕಳಚಿದೆ ಎಂದರ್ಥ. ಫೋಟೋ ಕಾಣುತ್ತಲೇ ಇಲ್ಲ, ಅದರ ಕಣ್ಣಿನ ಗುರುತು ಮಾತ್ರ ತೆರೆದೇ ಇದೆ ಅಂದರೆ ಕೆಳಗಿನ ಚೌಕದ ಕಣ್ಣು ಮುಚ್ಚಿರುತ್ತದೆ, ಇಲ್ಲವೇ ಇಡೀ ಗುಂಪಿನದು. ಹುಡುಗ ಮೇಲಿನ ಲೇಯರನ್ನೇ ಹತ್ತು ಸಲ ಒತ್ತುತ್ತಾನೆ, ನಾನು ಕೆಳಗಿನದನ್ನು ನೋಡು ಅನ್ನುತ್ತೇನೆ.

ಕಾಣದ ಲೇಯರಿಗೆ ಇನ್ನೂ ಎರಡು ಕಾರಣ ಉಂಟು. ಮಲ್ಟಿಪ್ಲೈ ಮೋಡಿನಲ್ಲಿ ಬಿಳಿ ಇದ್ದೂ ಇಲ್ಲದಂತೆ, ಸ್ಕ್ರೀನ್ ಮೋಡಿನಲ್ಲಿ ಕಪ್ಪು ಹಾಗೆಯೇ. ಹೂಮಾಲೆಯ ಬಿಳಿ ಎಲ್ಲಿ ಹೋಯಿತು ಅಂತ ಹುಡುಕುವ ಮೊದಲು ಮೋಡ್ ನಾರ್ಮಲ್ ಇದೆಯೇ ನೋಡಿ. ಎರಡನೆಯದು ಅಂಕಿ ಕೀಲಿಗಳು. ಮೂವ್ ಟೂಲ್ ಹಿಡಿದಿರುವಾಗ ಕೈತಪ್ಪಿ 1 ಒತ್ತಿದರೆ ಲೇಯರಿನ ಓಪಾಸಿಟಿ, ಅಂದರೆ ಗಾಢತೆ, ಹತ್ತು ಪರ್ಸೆಂಟಿಗೆ ಇಳಿಯುತ್ತದೆ, ಬ್ರಷ್ ಹಿಡಿದಿದ್ದರೆ ಬ್ರಷ್ಷಿನದು ಇಳಿಯುತ್ತದೆ. ಬ್ರಷ್ "ಓಡುತ್ತಿಲ್ಲ" ಅನ್ನುವ ದೂರಿನಲ್ಲಿ ಎಷ್ಟೋ ಸಲ ಅದು ಹತ್ತು ಪರ್ಸೆಂಟಿನಲ್ಲಿ ಓಡುತ್ತಿರುತ್ತದೆ.

ದಸರಾ ಹೊತ್ತಿಗೆ ಮಂಟಪ ಸಮಿತಿಗಳ ಪೋಸ್ಟರ್ ಕೆಲಸ ಬರುತ್ತದೆ. ಅದನ್ನು ನಾನು ಗಿಂಪ್‌ನಲ್ಲಿ ಮಾಡುತ್ತೇನೆ, ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್, ಕನ್ನಡ ಒತ್ತಕ್ಷರವನ್ನೂ ಸರಿಯಾಗಿ ಕೂರಿಸುತ್ತದೆ. ಅದರ ತಕರಾರುಗಳು ಬೇರೆ ಥರ. ಅಲ್ಲಿ ಪ್ರತಿ ಲೇಯರಿಗೂ ತನ್ನದೇ ಅಳತೆ, ಸುತ್ತಲೂ ಹಳದಿ ಕಪ್ಪು ತುಂಡುಗೆರೆಯ ಬೇಲಿ. ಬೇಲಿಯಾಚೆ ಬಣ್ಣ ಬೀಳದು. ಲೇಯರ್ ಮೆನುವಿನಲ್ಲಿ ಅದನ್ನು ಚಿತ್ರದ ಅಳತೆಗೆ ಹಿಗ್ಗಿಸಬೇಕು. ಅಳಿಸಿದರೆ ಪಾರದರ್ಶಕವಾಗದೆ ಬಿಳಿ ಬರುತ್ತಿದ್ದರೆ ಆ ಲೇಯರಿಗೆ ಪಾರದರ್ಶಕತೆಯ ಲೆಕ್ಕ ಇಡುವ ಆಲ್ಫಾ ಚಾನಲ್ ಇಲ್ಲ. ಅಂಥ ಲೇಯರಿನ ಹೆಸರು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿರುತ್ತದೆ. 2.10 ಆವೃತ್ತಿಯಲ್ಲಿ ಪೇಸ್ಟ್ ಮಾಡಿದ್ದೆಲ್ಲ ತೇಲುವ ಸೆಲೆಕ್ಷನ್ ಆಗಿ ನಿಲ್ಲುತ್ತಿತ್ತು. ಅದನ್ನು ಹೊಸ ಲೇಯರ್ ಮಾಡುವವರೆಗೆ, ಇಲ್ಲವೇ ಕೆಳಗಿನದಕ್ಕೆ ಅಂಟಿಸುವವರೆಗೆ ಬೇರೆ ಲೇಯರಿನ ಕೆಲಸ ನಿಂತಂತೆಯೇ. 2025ರ ಮಾರ್ಚಿನಲ್ಲಿ ಬಂದ 3.0ರಲ್ಲಿ ಪೇಸ್ಟ್ ಮಾಡಿದ್ದು ನೇರವಾಗಿ ಹೊಸ ಲೇಯರ್ ಆಗುತ್ತದೆ. ಹಳೆಯದರಲ್ಲೇ ಇರುವವರು ಇದೊಂದಕ್ಕಾದರೂ ಹೊಸದಕ್ಕೆ ಹೋಗಬಹುದು.

ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಗೋಡೆಯಿಂದ ಇಳಿಸಿ ತಂದ ಹಳೆಯ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಚ್ಚಿಕೊಡಿ ಎನ್ನುವವರೂ ಇದ್ದಾರೆ. ಹೊಸ ಲೇಯರ್ ಹಾಕಿ ಎಷ್ಟು ಕೆಂಪು ಬಳಿದರೂ ಬೂದು ಬಣ್ಣವೇ ಬಿದ್ದರೆ ಲೇಯರನ್ನು ಬೈಯಬೇಡಿ. ಸ್ಕ್ಯಾನ್ ಮಾಡಿದವರು ಬಣ್ಣವೇ ಇಲ್ಲದ ಗ್ರೇಸ್ಕೇಲಿನಲ್ಲಿ ಉಳಿಸಿರುತ್ತಾರೆ. ಇಮೇಜ್ ಮೆನುವಿನ ಮೋಡಿನಲ್ಲಿ ಆರ್‌ಜಿಬಿ ಮಾಡಿದರೆ ಮುಗಿಯಿತು.

ನುಡಿ ಫಾಂಟಿನ ಹಳೆಯ ಫೈಲುಗಳು ಬಂದಾಗ ಮಾತ್ರ ನಾನು ತುಸು ಹುಷಾರು. ಆ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪಠ್ಯದ ಲೇಯರ್ ಮೇಲೆ ಹಳದಿ ತ್ರಿಕೋನ ಬರುತ್ತದೆ. ಬೇರೆ ಫಾಂಟ್ ಹಾಕು ಅನ್ನುವುದಕ್ಕೆ ಹೂಂ ಅಂದಿರೋ, ಯೂನಿಕೋಡ್ ಅಲ್ಲದ ಆ ಅಕ್ಷರಗಳು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗುತ್ತವೆ. ಕಳಿಸುವವರು ಆ ಲೇಯರಿನ ಒಂದು ನಕಲನ್ನು ಶೇಪ್ (ಫಾಂಟ್ ಬೇಕಿಲ್ಲದ ಆಕಾರ) ಮಾಡಿ ಕಳಿಸಿದರೆ ಇಬ್ಬರಿಗೂ ನೆಮ್ಮದಿ. ಯೂನಿಕೋಡ್ ಇದ್ದೂ ಫೋಟೋಶಾಪಿನಲ್ಲಿ ಒತ್ತು ಒಡೆದು ಪಕ್ಕಕ್ಕೆ ಬಿದ್ದರೆ ಪ್ಯಾರಾಗ್ರಾಫ್ ಪಟ್ಟಿಯ ಮೆನುವಿನಲ್ಲಿ ವರ್ಲ್ಡ್ ರೆಡಿ ಎಂದಿರುವುದನ್ನು ಆರಿಸಬೇಕು.

ಇನ್ನು ಫೈಲಿನ ತೂಕ. ಹನ್ನೆರಡು ಮೂವತ್ತಾರರ ಪುಟ 300 ಡಿಪಿಐನಲ್ಲಿ 10,800ಕ್ಕೆ 3,600 ಪಿಕ್ಸೆಲ್. ಪುಟ ತುಂಬಿದ ಒಂದು ಲೇಯರಿಗೆ ಮೆಮೊರಿಯಲ್ಲಿ ನೂರಹತ್ತು ಎಂಬಿ ಮೀರುತ್ತದೆ, 16 ಬಿಟ್ ಆದರೆ ಅದರ ಎರಡರಷ್ಟು. ಎಲ್ಲಕ್ಕೂ ಒಂದೊಂದು ನಕಲು ಇಟ್ಟುಕೊಳ್ಳುತ್ತಾ ಹೋದರೆ ಸ್ಕ್ರ್ಯಾಚ್ ಡಿಸ್ಕ್ (ಫೋಟೋಶಾಪ್ ತಾತ್ಕಾಲಿಕವಾಗಿ ಬಳಸುವ ಡಿಸ್ಕ್ ಜಾಗ) ತುಂಬಿತು ಅನ್ನುವ ಸಂದೇಶ ಬರದೆ ಇನ್ನೇನು? ಬೆಳಕು, ಬಣ್ಣ ತಿದ್ದಲು ಫೋಟೋ ನಕಲು ಮಾಡುವ ಬದಲು ತಿದ್ದುಪಡಿಯನ್ನಷ್ಟೇ ಹಿಡಿದಿಡುವ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಅದಕ್ಕೆ ತೂಕವೇ ಇಲ್ಲವೆನ್ನಬಹುದು. ಫೋಟೋಶಾಪಿನ ಪಿಎಸ್‌ಡಿ ಫೈಲ್ ಎರಡು ಜಿಬಿಗಿಂತ ದೊಡ್ಡದಾಗಲಾರದು. ಆ ಹಂತಕ್ಕೆ ಬಂದ ಪುಟವನ್ನು ದೊಡ್ಡ ಫೈಲಿಗೆಂದೇ ಇರುವ ಪಿಎಸ್‌ಬಿ ಆಗಿ ಉಳಿಸುತ್ತೇನೆ. ಕರೆಂಟ್ ಹೋಗುವ ದಿನಗಳಲ್ಲಿ ಯುಪಿಎಸ್ ಕೂಗಿದ ಮೇಲೆ ಇಂಥ ಫೈಲ್ ಉಳಿಸಲು ಹೊರಟರೆ ಅದು ಮುಗಿಯುವ ಖಾತರಿಯಿಲ್ಲ. ಪುಟ ಹಗುರವಾಗಿದ್ದರೆ ಆ ಸಮಯದೊಳಗೆ ಮುಗಿಯುತ್ತದೆ.

ಪ್ರೆಸ್ಸಿಗೆ ಹೋಗುವುದು ಲೇಯರ್ ಒಗ್ಗೂಡಿಸಿದ ಜೆಪೆಗ್ ಪ್ರತಿ, ನಮ್ಮಲ್ಲಿ ಉಳಿಯುವುದು ಲೇಯರ್ ಇರುವ ಮೂಲ. ಈ ಎರಡರ ವ್ಯತ್ಯಾಸವನ್ನು ಗಿರಾಕಿಗಳಿಗೆ ತಿಳಿಸುವುದೇ ದೊಡ್ಡ ಕೆಲಸ. ಹಾಕಿ ಟೂರ್ನಿಯ ಹಳೆಯ ಬ್ಯಾನರನ್ನು ವಾಟ್ಸಾಪಿನಲ್ಲಿ ಕಳಿಸಿ, "ಅಕ್ಕಾ, ಇದರ ಲೇಯರ್ ಬಿಡಿಸಿ ವರ್ಷ ಮಾತ್ರ ಬದಲಾಯಿಸಿ ಕೊಡಿ, ಐದು ನಿಮಿಷದ ಕೆಲಸ" ಅನ್ನುತ್ತಾರೆ. ಜೆಪೆಗ್‌ನಲ್ಲಿ ಲೇಯರ್ ಇರುವುದಿಲ್ಲ. ಹಳೆಯ ವರ್ಷ ಅಳಿಸಿ, ಹಿಂದಿನ ಹುಲ್ಲು ಮೈದಾನವನ್ನು ಕ್ಲೋನ್ ಮಾಡಿ ತುಂಬಿ, ಅದೇ ಥರದ ಅಕ್ಷರ ಹುಡುಕಿ ಕೂರಿಸಬೇಕು. ಇಂಥದಕ್ಕೆ ನಾನು ಹೊಸ ಬ್ಯಾನರಿನ ರೇಟನ್ನೇ ಹೇಳುತ್ತೇನೆ. ಮೊದಲು ಮಾಡಿದವರ ಹತ್ತಿರ ಪಿಎಸ್‌ಡಿ ಇದೆಯಾ ಕೇಳಿ ನೋಡಿ ಅಂತಲೂ ಹೇಳುತ್ತೇನೆ. ಸಿಕ್ಕಿದರೆ ಆಗ ಅದು ನಿಜವಾಗಿಯೂ ಐದು ನಿಮಿಷದ ಕೆಲಸ.