ಹಾಸನದಿಂದ ಇಮ್ಯಾಜಿಕಾಗೆ: ಐದು ಜನ, 24 ಸಾವಿರದೊಳಗೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಾನು, ನಮ್ಮ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಹಾಸನದಿಂದ ಹೊರಟು ಮಹಾರಾಷ್ಟ್ರದ ಖೋಪೋಲಿಯಲ್ಲಿರುವ ಇಮ್ಯಾಜಿಕಾ ಅನ್ನುವ ಮನರಂಜನಾ ಪಾರ್ಕ್ ನೋಡಿ, ಲೋನಾವಳದಲ್ಲಿ ಉಳಿದು, ಸೋಲಾಪುರದ ಸಿದ್ಧೇಶ್ವರನಿಗೆ ಕೈಮುಗಿದು ವಾಪಸ್ ಬಂದೆವು. ಒಟ್ಟು ಖರ್ಚು 23, ಹೆಚ್ಚೆಂದರೆ 24 ಸಾವಿರ. ಸೋಲಾಪುರದ ಚಾದರ ಇದರಲ್ಲಿ ಸೇರಿಲ್ಲ. ಅದು ಅತ್ತೆಯ ಸ್ವಂತ ದುಡ್ಡು.

ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಮೇಡಂ, ಪಾರ್ಕ್ ಇರೋದು ಮುಂಬೈ ಹತ್ರ. ನೀವ್ಯಾಕೆ ಸೋಲಾಪುರಕ್ಕೆ ಹೋಗ್ತೀರಿ?" ಅಂತ ಗಣಿತದ ಮೇಷ್ಟ್ರು ಕೇಳಿದ್ದರು. ಕಾರು ಬಿಟ್ಟು ಕೆಳಗಿಳಿಯದ ನಮ್ಮ ಭಾವನವರದ್ದು ಇನ್ನೊಂದು ರಾಗ. "ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಕೊಂಡು ಮೂರು ರೈಲು ಬದಲಾಯಿಸ್ತೀಯೇನಮ್ಮ? ನೋಡೋಣ ಬಿಡು." ಹಾಸನದಲ್ಲಿ ಒಬ್ಬ ಟ್ರಾವೆಲ್ಸ್‌ನವರನ್ನು ಕೇಳಿದರೆ 48 ಸಾವಿರ ಅಂದರು. ಊಟ ಬೇರೆ.

ಅದಕ್ಕಿಂತ ಮೊದಲು ಒಂದು ದಸರಾ ರಜೆಯಲ್ಲಿ ಪ್ಯಾಕೇಜ್ ಬಸ್ಸಿನಲ್ಲಿ ಹೈದರಾಬಾದ್ ಕಡೆಯ ಒಂದು ಪಾರ್ಕಿಗೆ ಹೋಗಿದ್ದೆವು. ಬೆಳಿಗ್ಗೆ ಹತ್ತಕ್ಕೆ ಗೇಟಿನಲ್ಲಿರುತ್ತೇವೆ ಅಂದವರು ಮುಟ್ಟಿಸಿದ್ದು ಮಧ್ಯಾಹ್ನ ಒಂದೂವರೆಗೆ. ಐದಕ್ಕೆಲ್ಲ ಬಸ್ಸು ಹತ್ತಿ ಅಂತ ವಿಷಲ್ ಊದಿದರು. ಮಧ್ಯದ ಸಮಯ ಪೂರ್ತಿ ಕ್ಯೂ. ಮಗಳು ಆಡಿದ್ದು ಎರಡೇ ರೈಡ್, ತಲೆಗೆ ಕೊಟ್ಟಿದ್ದು ಏಳು ಸಾವಿರದ ಹತ್ತಿರ. ಅಷ್ಟೊಂದು ಜನ ಎಲ್ಲಿಂದ ಬಂದರು ಅಂತ ಆಮೇಲೆ ಕೂತು ಯೋಚಿಸಿದೆ. ತೆಲಂಗಾಣದಲ್ಲೂ ದಸರಾಕ್ಕೆ ಶಾಲೆಗಳಿಗೆ ಉದ್ದ ರಜೆ. ನಮ್ಮ ರಜೆ, ಅವರ ರಜೆ ಒಂದೇ ಸಲ. ಇನ್ನೇನಾಗುತ್ತೆ?

ನನ್ನ ಇಡೀ ಪ್ಲಾನ್ ಹುಟ್ಟಿದ್ದು ಅಲ್ಲಿಂದ. ನಮಗೆ ರಜೆ ಇರಬೇಕು, ಪಾರ್ಕ್ ಇರುವ ರಾಜ್ಯದಲ್ಲಿ ಶಾಲೆ ನಡೆಯುತ್ತಿರಬೇಕು. ಶಿಕ್ಷಕಿಗೆ ಇದಕ್ಕಿಂತ ಸುಲಭದ ಲೆಕ್ಕ ಯಾವುದಿದೆ? ಮಹಾರಾಷ್ಟ್ರದಲ್ಲಿ ದೊಡ್ಡ ರಜೆ ದೀಪಾವಳಿಗೆ. ದಸರಾಕ್ಕೆ ಹಬ್ಬದ ದಿನ ಬಿಟ್ಟರೆ ಶಾಲೆ ಇರುತ್ತೆ. ಬೇಸಿಗೆಯಲ್ಲೂ ಹಾಗೆಯೇ. ನಾವು ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ ಬೀಗ ಹಾಕುತ್ತೇವೆ. ಅವರಿಗೆ ಏಪ್ರಿಲ್ ಕೊನೆಯವರೆಗೂ ಪರೀಕ್ಷೆ, ರಜೆ ಶುರುವಾಗುವುದು ಮೇ ತಿಂಗಳಲ್ಲಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಮೇ 1 ಮಹಾರಾಷ್ಟ್ರ ದಿನ, ಇವೆರಡನ್ನೂ ಮುಟ್ಟಬಾರದು. ಶನಿವಾರ, ಭಾನುವಾರವಂತೂ ಬೇಡವೇ ಬೇಡ. ಉಳಿದ ಮಂಗಳವಾರ, ಬುಧವಾರಗಳೇ ನಮ್ಮವು.

ಮೊದಲು ದಸರಾಕ್ಕೇ ಹೊರಟಿದ್ದೆ. ಮಳೆ ಮುಗಿದು ಘಾಟಿ ಹಸಿರಾಗಿರುವ ಕಾಲ. ಟಿಕೆಟ್ ಎಲ್ಲ ಆಯಿತು. ಅಷ್ಟರಲ್ಲಿ ರಜೆಯಲ್ಲೇ ಸಮೀಕ್ಷೆ ಡ್ಯೂಟಿ ಬಿತ್ತು. ಮನೆ ಮನೆಗೆ ಹೋಗಿ ಮೊಬೈಲಿನಲ್ಲಿ ಮಾಹಿತಿ ತುಂಬುತ್ತಾ ನಮ್ಮ ರೈಲು ಹೊರಡುವ ಹೊತ್ತಿಗೆ ನಾನು ಆಲೂರಿನ ಹತ್ತಿರ ಯಾರದೋ ಜಗಲಿಯ ಮೇಲೆ ಕೂತಿದ್ದೆ. ರೈಲಿನ ದುಡ್ಡು ಸ್ಲೀಪರಿಗೆ ತಲೆಗೆ 120 ಹಿಡಿದುಕೊಂಡು ವಾಪಸ್ ಬಂತು. ರೂಮಿನವರು ಮುಂಗಡ ವಾಪಸ್ ಕೊಡಲಿಲ್ಲ. ಪಾರ್ಕ್ ಟಿಕೆಟ್ ಮಾತ್ರ ತೆಗೆದಿರಲಿಲ್ಲ, ಬಚಾವಾದೆ. ಪ್ರವಾಸ ಏಪ್ರಿಲ್‌ಗೆ ಹೋಯಿತು. ಪಾರ್ಕ್ ಟಿಕೆಟ್ ತಾರೀಖಿಗೆ ಕಟ್ಟಿದ್ದು. ಹೊರಡುವ ಹಿಂದಿನ ವಾರಕ್ಕಿಂತ ಮುಂಚೆ ಅದನ್ನು ತೆಗೆಯುವುದೇ ಇಲ್ಲ ನಾನು. "ಆಫರ್ ಹೋಗಿಬಿಡುತ್ತೆ" ಅಂತ ಹೆದರಿಸುತ್ತಾರೆ. ಹೋದರೆ ಇನ್ನೊಂದು ಬರುತ್ತೆ, ವಾರದ ದಿನಗಳಿಗೆ ಅವರಿಗೂ ಜನ ಬೇಕಲ್ವಾ. ಆಫರ್ ಎಲ್ಲಿ ಹುಡುಕಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎಲ್ಲರೂ ಅಲ್ಲಿಗೇ ನುಗ್ಗಿದರೆ ಮುಂದಿನ ವರ್ಷ ನನಗೆ ಸಿಗಲ್ಲ.

ಈಗ ಸೋಲಾಪುರ ಯಾಕೆ ಅನ್ನುವ ಪ್ರಶ್ನೆ. ನಮ್ಮೂರಿನಿಂದಲೇ ಹೊರಡುವ ರೈಲು ಅದು. ಮಧ್ಯಾಹ್ನದ ಮೇಲೆ ಹಾಸನದಲ್ಲಿ ಹತ್ತಿದರೆ ಶ್ರವಣಬೆಳಗೊಳ, ಕುಣಿಗಲ್, ಯಶವಂತಪುರ, ಗುಂತಕಲ್, ರಾಯಚೂರು, ಕಲಬುರಗಿ ದಾಟಿ ಬೆಳಿಗ್ಗೆ ಸೋಲಾಪುರ. ಹೊರಡುವ ಸ್ಟೇಷನ್ನಿನಿಂದ ಕೊನೆಯ ಸ್ಟೇಷನ್ನಿಗೆ ಟಿಕೆಟ್ ತೆಗೆದರೆ ಬರ್ತ್ ಸಿಗುವ ಸಾಧ್ಯತೆ ಜಾಸ್ತಿ. ವೇಟಿಂಗ್ ಬಂದರೂ ಜನರಲ್ ಕೋಟಾದ ವೇಟಿಂಗ್, ಅದು ಬೇಗ ಕರಗುತ್ತೆ. ಮಧ್ಯದ ಊರುಗಳಿಂದ ಹತ್ತುವವರಿಗೆ ಸಿಗುವ ಪಿಕ್ಯೂಡಬ್ಲ್ಯೂಎಲ್, ಅಂದರೆ ಪೂಲ್ಡ್ ಕೋಟಾದ ವೇಟಿಂಗ್ ಇದೆಯಲ್ಲ, ಅದನ್ನು ನಂಬಿ ಸೂಟ್‌ಕೇಸ್ ಕಟ್ಟಬೇಡಿ. ವಾಪಸ್ ಬರುವಾಗಲೂ ಅಷ್ಟೇ, ಸೋಲಾಪುರದಲ್ಲೇ ರೈಲು ಶುರು. ಎರಡು ಕಡೆಯೂ ಖಾಲಿ ಬೋಗಿಗೆ ನೆಮ್ಮದಿಯಾಗಿ ಹತ್ತಿ ಬ್ಯಾಗ್ ತಳ್ಳಿ ಕೂರಬಹುದು. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ಅತ್ತೆಯ ಕೈ ಹಿಡಿದು ಓಡುವುದಕ್ಕಿಂತ ಸಾವಿರ ಪಾಲು ವಾಸಿ.

ಬುಕಿಂಗ್ ಈಗ 60 ದಿನ ಮುಂಚೆ ಶುರು. 2024ರ ನವೆಂಬರಿಗೆ ಮೊದಲು 120 ದಿನ ಇತ್ತು. ನನ್ನಂಥವರಿಗೆ 60 ದಿನವೇ ಒಳ್ಳೆಯದು, ನಾಲ್ಕು ತಿಂಗಳು ಮುಂಚೆ ಇಲಾಖೆಯಲ್ಲಿ ಯಾರಿಗೆ ಏನು ಗೊತ್ತಿರುತ್ತೆ? ಫೆಬ್ರವರಿಯ ಒಂದು ಬೆಳಿಗ್ಗೆ ಎಂಟಕ್ಕೆ ಕೂತು ಹೋಗುವುದಕ್ಕೆ ಸ್ಲೀಪರ್, ಬರುವುದಕ್ಕೆ ತ್ರೀ ಎಸಿ ಹಾಕಿದೆ. ಯಜಮಾನರು "ಎರಡೂ ಎಸಿ ಹಾಕು, ಏಪ್ರಿಲ್ ಬಿಸಿಲು" ಅಂದರು. ನನ್ನ ಲೆಕ್ಕ ಬೇರೆ. ಹಾಸನದಲ್ಲಿ ಹತ್ತುವಾಗ ಅಂಥ ಸೆಕೆ ಇಲ್ಲ. ರಾಯಚೂರು, ಕಲಬುರಗಿ ಬರುವುದು ಮಲಗಿ ನಿದ್ದೆ ಹೋದ ಮೇಲೆ. ಬರುವಾಗ ಮಾತ್ರ ದಿನವಿಡೀ ಕಾದ ಸೋಲಾಪುರದಲ್ಲಿ ಸಂಜೆ ಹತ್ತಬೇಕು, ಅಲ್ಲಿ ಎಸಿ ಬೇಕೇ ಬೇಕು. ಸ್ಲೀಪರಿಗೆ ತಲೆಗೆ ನಾನೂರು ಚಿಲ್ಲರೆ, ತ್ರೀ ಎಸಿಗೆ ಸಾವಿರದ ನೂರೋ ನೂರೈವತ್ತೋ. ಈ ಒಂದು ತೀರ್ಮಾನದಿಂದ ಮೂರು ಸಾವಿರದಷ್ಟು ಉಳಿಯಿತು.

ಇಬ್ಬರು ಮಕ್ಕಳಿಗೂ ಸೇರಿ ಒಂದೇ ಬರ್ತ್ ತೆಗೆದೆ. ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬೇಕು ಅಂದರೆ ಪೂರ್ತಿ. ಮಗನಿಗೆ ಪೂರ್ತಿ, ಮಗಳಿಗೆ ಅರ್ಧ. ತಲೆ ಆ ಕಡೆ ಒಬ್ಬರದ್ದು, ಈ ಕಡೆ ಒಬ್ಬರದ್ದು. ರಾತ್ರಿ ಇಬ್ಬರೂ ಒದ್ದಾಡಿಕೊಂಡರು, ಅದು ಮನೆಯಲ್ಲೂ ಇದ್ದದ್ದೇ. ರೈಲಿನಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಾದರೆ ಪಾರ್ಕಿನಲ್ಲಿ ಎತ್ತರದ ಮೇಲೆ. ಹೊರಡುವ ಮೊದಲು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದುಕೊಂಡು ಹೋಗಿ.

ಊಟದ ಪ್ರಯೋಗಗಳದ್ದೇ ಒಂದು ಕಥೆ. ಅಕ್ಕಿ ರೊಟ್ಟಿ ರಾತ್ರಿಯೊಳಗೆ ಹಪ್ಪಳ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ಕಲಸಿದ್ದೆ, ಬೆಳಿಗ್ಗೆಗೆ ಹದವಾಗಿ ಹೆಪ್ಪಾಗಲಿ ಅಂತ. ಏಪ್ರಿಲ್ ಸೆಕೆಗೆ ಗುಂತಕಲ್ ಬರುವುದರೊಳಗೆ ಹುಳಿ ಬಂದಿತ್ತು. ಗೆದ್ದಿದ್ದು ಪುಳಿಯೋಗರೆ ಮತ್ತು ಗೊಜ್ಜವಲಕ್ಕಿ. ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಸೆ ರಸವನ್ನು ಬೆಲ್ಲ, ಪುಡಿ ಹಾಕಿ ಗಟ್ಟಿಯಾಗಿ ಕುದಿಸಿ ಡಬ್ಬಿಗೆ ತುಂಬಿದ್ದೆ. ರೈಲಿನಲ್ಲಿ ಒಂದು ಲೋಟ ನೀರು ಹಾಕಿ ಕಲಸಿ ಕಾಲು ಗಂಟೆ ಮುಚ್ಚಿಟ್ಟರೆ ಸಾಕು. ಎದುರು ಸೀಟಿನ ರಾಯಚೂರಿನವರಿಗೂ ಕೊಟ್ಟೆ. ಅವರು ಜೋಳದ ರೊಟ್ಟಿ, ಎಣ್ಣೆಗಾಯಿ ಕೊಟ್ಟರು. ಒಂದು ಊಟದ ಖರ್ಚು ಅಲ್ಲೇ ಉಳಿಯಿತು.

ಸೋಲಾಪುರದಿಂದ ಪುಣೆಗೆ ನಾಲ್ಕು ಗಂಟೆಯ ದಾರಿ, ರೈಲುಗಳು ಬೇಕಾದಷ್ಟಿವೆ. ಪುಣೆಯಿಂದ ಲೋನಾವಳಕ್ಕೆ ಲೋಕಲ್, ಬಸ್ ಟಿಕೆಟ್ಟಿಗಿಂತ ಅಗ್ಗ. ಮಧ್ಯಾಹ್ನದ ಹೊತ್ತು ಲೋಕಲ್ ಕಡಿಮೆ, ಅದೊಂದು ನೋಡಿಕೊಳ್ಳಿ. ಲೋನಾವಳದಲ್ಲಿ ಶನಿವಾರ ಐದು ಸಾವಿರ ಹೇಳುವ ರೂಮು ಮಂಗಳವಾರ ಹದಿನೆಂಟು ನೂರಕ್ಕೆ ಬಂತು. ನೆಲದ ಮೇಲೆ ಇನ್ನೊಂದು ಹಾಸಿಗೆ ಕೇಳಿ ಹಾಕಿಸಿಕೊಂಡೆ.

ಮಾರನೆಯ ದಿನ ಇಮ್ಯಾಜಿಕಾ. 2013ರಲ್ಲಿ ಶುರುವಾದ ಪಾರ್ಕ್, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ, ಘಾಟಿ ಇಳಿದ ಮೇಲೆ. ಟ್ಯಾಕ್ಸಿಯವನು ಹದಿನೈದು ನೂರು ಅಂದ, ಸಾವಿರಕ್ಕೆ ಬಂದ. ಗೇಟು ತೆಗೆಯುವ ಮೊದಲೇ ನಿಂತಿದ್ದೆವು. ಟಿಕೆಟ್ ಆಫರಿನಲ್ಲಿ, ಹಿರಿಯರದ್ದು, ಮಕ್ಕಳದ್ದು ಎಲ್ಲ ಸೇರಿ ಆರೂವರೆ ಸಾವಿರದ ಆಸುಪಾಸು. ಎಲ್ಲರೂ ಮೊದಲು ಹತ್ತಿರದ ರೈಡಿಗೆ ನಿಲ್ಲುತ್ತಾರೆ. ನಾವು ಸೀದಾ ನೈಟ್ರೋ ಕಡೆ ನಡೆದೆವು. ಕಾಲ ಕೆಳಗೆ ನೆಲವೇ ಇಲ್ಲದ ರೋಲರ್ ಕೋಸ್ಟರ್. ಅಲ್ಲಿ ಅಳತೆ ಕೋಲು ಹಿಡಿದ ಹುಡುಗ ನಮ್ಮ ಮಗನ ಟೋಪಿ ತೆಗೆಸಿ, ಕೂದಲನ್ನು ಅಂಗೈಯಿಂದ ಒತ್ತಿ, ಬಗ್ಗಿ ಹಿಮ್ಮಡಿ ನೆಲಕ್ಕೆ ತಾಗಿದೆಯಾ ಅಂತಲೂ ನೋಡಿದ. ಮಗ ಉಸಿರು ಬಿಗಿ ಹಿಡಿದು ನಿಂತಿದ್ದ. ಗೆರೆಗಿಂತ ಒಂದು ಬೆರಳು ಮೇಲಿದ್ದ. ಕ್ಯೂ ಹತ್ತು ನಿಮಿಷವೂ ಇರಲಿಲ್ಲ. ಇಳಿದವನು ಓಡಿ ಹೋಗಿ ಮತ್ತೆ ನಿಂತ. ಅವರಪ್ಪ ಇಳಿದು ಬೆಂಚಿನ ಮೇಲೆ ಕೂತರು, ಅರ್ಧ ಗಂಟೆ ಮಾತಿಲ್ಲ.

ಬಿಸಿಲೇರುವ ಹೊತ್ತಿಗೆ ಹೊರಗಿನ ರೈಡ್ ಎಲ್ಲ ಬಿಟ್ಟು ಒಳಗಿನವಕ್ಕೆ ಹೋಗಬೇಕು. ಏಪ್ರಿಲ್‌ನಲ್ಲಿ ಈ ಪಾರ್ಕ್ ಆರಿಸಲು ಇದೇ ಕಾರಣ, ಕತ್ತಲೆಯಲ್ಲಿ ಎಸಿಯಲ್ಲಿ ಆಡುವ ರೈಡ್ ಇಲ್ಲಿ ಜಾಸ್ತಿ. ಡೀಪ್ ಸ್ಪೇಸ್, ಮಿಸ್ಟರ್ ಇಂಡಿಯಾ, ಆಲಿಬಾಬಾ. ಅತ್ತೆಯನ್ನು ಐ ಫಾರ್ ಇಂಡಿಯಾಗೆ ಕೂರಿಸಿದೆ. ದೊಡ್ಡ ಪರದೆಯ ಮುಂದೆ ಕುರ್ಚಿ ತೇಲಿದ ಹಾಗಾಗುತ್ತೆ, ದೇಶವನ್ನೆಲ್ಲ ಮೇಲಿಂದ ನೋಡಿದ ಹಾಗೆ. "ಇದಕ್ಕೆ ಮಂಡಿ ನೋವಿಲ್ಲ" ಅಂತ ಎರಡನೇ ಸಲವೂ ಹೋದರು. ಹಿರಿಯರ ಟಿಕೆಟ್ ದಂಡ ಅನ್ನುವವರಿಗೆ ಇದು ನನ್ನ ಉತ್ತರ. ಹೊರಗಿನ ತಿಂಡಿ ಒಳಗೆ ಬಿಡಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗಿ, ಒಳಗೆ ಒಂದೇ ಊಟಕ್ಕೆ ಮುಗಿಸಿದೆವು. ಅದೊಂದೇ ಊಟಕ್ಕೆ ಸಾವಿರದ ಮುನ್ನೂರು ಬಿತ್ತು ಅನ್ನಿ. ನಾಲ್ಕೂವರೆಯ ಮೇಲೆ ಮತ್ತೆ ಹೊರಗೆ, ಸಂಜೆ ಮೆರವಣಿಗೆ ನೋಡಿ ಹೊರಟೆವು.

ಲೋನಾವಳಕ್ಕೆ ವಾಪಸ್ ಹೋಗುವಾಗ ಟ್ಯಾಕ್ಸಿ ಬೇಡ ಅಂತ ನನಗೊಂದು ಹುಚ್ಚು ಹತ್ತಿತು. ಆಟೊದಲ್ಲಿ ಖೋಪೋಲಿ ಸ್ಟೇಷನ್, ಅಲ್ಲಿಂದ ಲೋಕಲ್‌ನಲ್ಲಿ ಕರ್ಜತ್, ಕರ್ಜತ್‌ನಿಂದ ಘಾಟಿ ಹತ್ತುವ ರೈಲು. ಖೋಪೋಲಿ ಘಾಟಿಯ ಬುಡದಲ್ಲಿದೆ, ಲೋನಾವಳ ನೆತ್ತಿಯ ಮೇಲೆ, ಆದರೂ ರೈಲಿಗೆ ಸುತ್ತಿಕೊಂಡೇ ಬರಬೇಕು. ಹಣ ಆರುನೂರು ಉಳಿಯಿತು, ಸಮಯ ಎರಡು ಗಂಟೆಯ ಮೇಲೆ ಹೋಯಿತು. ಕರ್ಜತ್‌ನಲ್ಲಿ ರೈಲಿನ ಹಿಂದೆ ದೂಡುವ ಎಂಜಿನ್ ಸೇರಿಸುವಾಗ ವಡಾಪಾವ್ ತಿಂದೆವು. ನಮ್ಮ ಸಕಲೇಶಪುರದ ಘಾಟಿಯಲ್ಲಿ ಏರು 50ಕ್ಕೆ 1, ಅಂದರೆ 50 ಅಡಿ ಹೋದರೆ 1 ಅಡಿ ಮೇಲೆ, ಇಲ್ಲಿ 37ಕ್ಕೆ 1, ಅದೂ 1863ರಲ್ಲಿ ತೆರೆದ ದಾರಿ. ಸುರಂಗದ ವಿಷಯದಲ್ಲಿ ಮಾತ್ರ ನಮ್ಮದೇ ಮೇಲು ಅಂತ ಮಗ ವಾದ ಮಾಡಿದ, ಸುಬ್ರಹ್ಮಣ್ಯದವರೆಗೆ 57 ಇವೆಯಲ್ಲ. ವಯಸ್ಸಾದವರು ಜೊತೆಗಿದ್ದರೆ ಟ್ಯಾಕ್ಸಿಯೇ ಸರಿ.

ವಾಪಸ್ ಬರುವ ದಿನ ಬೆಳಿಗ್ಗೆಯೇ ಹೊರಟು ಮಧ್ಯಾಹ್ನ ಸೋಲಾಪುರ ಸೇರಿದೆವು. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಡಬೇಕಾದರೆ ಪ್ರತಿ ಬ್ಯಾಗಿಗೂ ಬೀಗ ಇರಬೇಕು. ಮನೆಯಿಂದಲೇ ಪುಟ್ಟ ಬೀಗಗಳನ್ನು ತಂದಿದ್ದೆ, ನಮ್ಮ ಹಿಂದೆ ನಿಂತವರು ಹೊರಗೆ ಓಡಿದರು. ಆಟೊದವನು ನಮ್ಮ ಮಾತು ಕೇಳಿ ಕನ್ನಡದಲ್ಲೇ "ಯಾವ ಊರ್ರಿ?" ಅಂದ. ಕೆರೆಯ ನಡುವೆ ಸಿದ್ಧೇಶ್ವರ ಗುಡಿ. ನಮ್ಮ ವಚನಕಾರ ಸಿದ್ಧರಾಮ ಕಟ್ಟಿಸಿದ ಕೆರೆ, ಸೊನ್ನಲಿಗೆ ಅಂದರೆ ಇದೇ ಊರು. ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ ಊರನ್ನು ನಾನು ಕಂಡಿದ್ದು ಪಾರ್ಕಿನ ನೆಪದಲ್ಲಿ. ಸಂಜೆ ಎಸಿ ಬೋಗಿಗೆ ಕಾಲಿಟ್ಟಾಗ "ನೀನು ಹೇಳಿದ್ದೇ ಸರಿ" ಅಂತ ಯಜಮಾನರು ಒಂದು ಸಲ ಅಂದರು. ಒಂದೇ ಸಲ.

ಈಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪ್ಲಾನ್ ಬೇಕು. ಗಣಿತದ ಮೇಷ್ಟ್ರು 2024ರಲ್ಲಿ ಭುವನೇಶ್ವರದಲ್ಲಿ ತೆರೆದ ವಂಡರ್‌ಲಾಗೆ ಹಾಕಿಕೊಡಿ ಅಂತ ದುಂಬಾಲು ಬಿದ್ದಿದ್ದಾರೆ. ನೋಡಿದೆ. ಒಡಿಶಾದಲ್ಲಿ ದುರ್ಗಾಪೂಜೆಗೆ ಅವರಿಗೂ ರಜೆ, ನಮ್ಮ ದಸರಾಕ್ಕೆ ಸರಿಯಾಗಿ. ನಮ್ಮೂರಿನಿಂದ ಹೊರಡುವ ರೈಲೂ ಇಲ್ಲ. ಈ ಲೆಕ್ಕ ಅಲ್ಲಿಗೆ ಕೂರಲ್ಲ. ಸೋಲಾಪುರದ ದಾರಿಯಲ್ಲೇ ದಸರಾಕ್ಕೆ ಹೋಗಿ, ರೂಮಿನವರಿಗೆ ಮುಂಗಡ ಮಾತ್ರ ಕೊಡಬೇಡಿ ಅಂತ ಹೇಳಿದ್ದೇನೆ.